ಆ 38 ಡಿಗ್ರಿ ಯಾರದ್ದು?

"38 ಡಿಗ್ರಿಯೇ ಇದೆಯಲ್ಲಣ್ಣ, ಫ್ಯಾನೇ ಕೆಟ್ಟಿರೋದು."

ಚಿಕ್ಕಪ್ಪನ ಮಗ ಈ ವಾರ ಫೋನಿನಲ್ಲಿ ಹೇಳಿದ ಮಾತು. ಅವನ ಲಿನಕ್ಸ್ ಡೆಸ್ಕ್‌ಟಾಪಿನ ಫ್ಯಾನ್ ಕೆಲವು ದಿನಗಳಿಂದ ಸಿಕ್ಕಾಪಟ್ಟೆ ಸದ್ದು ಮಾಡುತ್ತಿತ್ತಂತೆ. ಸ್ಕ್ರೀನಿನ ಮೂಲೆಯಲ್ಲಿ ಅವನೇ ಬರೆದ ಸ್ಕ್ರಿಪ್ಟ್‌ನ ಒಂದು ಪುಟ್ಟ ಪಟ್ಟಿ ಇದೆ. ಅದರಲ್ಲಿ ಸಿಪಿಯು ಅಂತ ಬರೆದು ಎದುರಿಗೆ ಉಷ್ಣಾಂಶ ಬರುತ್ತದೆ. ಅದು 38 ದಾಟುತ್ತಿರಲಿಲ್ಲ, ದಾಟಿದರೂ 40, 41. ಅಷ್ಟು ತಣ್ಣಗಿರುವ ಸಿಪಿಯುಗೆ ಫ್ಯಾನ್ ಇಷ್ಟು ಜೋರಾಗಿ ತಿರುಗುವುದೇಕೆ? ಹಾಗಾಗಿ ಹೊಸ ಫ್ಯಾನ್ ತರಿಸಬೇಕು ಅಂತ ತೀರ್ಮಾನ ಮಾಡಿಬಿಟ್ಟಿದ್ದ.

ಅವನು ಹುಡುಗಾಟದವನಲ್ಲ. ಒಳ್ಳೆಯ ಪ್ರೋಗ್ರಾಮರ್, ಬರೆದ ಪ್ರತಿ ಸಾಲನ್ನೂ ಎರಡೆರಡು ಸಲ ಓದುತ್ತಾನೆ. ಆದರೆ ತನ್ನ ಕೈಯಾರೆ ಬರೆದದ್ದರ ಮೇಲೆ ಅವನಿಗೆ ಸ್ವಲ್ಪ ಜಾಸ್ತಿಯೇ ನಂಬಿಕೆ. ಅವನ ಗೆಳೆಯನೊಬ್ಬ ಬೇರೆ, ಏನು ಎತ್ತ ಅಂತ ಕೇಳದೆ, ಕರ್ನಲ್‌ನ (ಲಿನಕ್ಸಿನ ತಿರುಳು) ಬೂಟ್ ಸಾಲಿಗೆ, ಅಂದರೆ ಅದು ಶುರುವಾಗುವಾಗ ಓದುವ ಆಯ್ಕೆಗಳಿಗೆ, 'ಎಸಿಪಿಐ ಎನ್‌ಫೋರ್ಸ್ ರಿಸೋರ್ಸಸ್ ಲ್ಯಾಕ್ಸ್' ಸೇರಿಸು ಅಂದಿದ್ದನಂತೆ. ಇಂಥ ಸಲಹೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಮದರ್‌ಬೋರ್ಡಿನ ಫರ್ಮ್‌ವೇರ್ (ಬೋರ್ಡಿನೊಳಗೇ ಇರುವ ಪ್ರೋಗ್ರಾಂ) ತನ್ನದು ಅಂತ ಇಟ್ಟುಕೊಂಡಿರುವ ಪೋರ್ಟುಗಳಿಗೆ ಕರ್ನಲ್ ಡ್ರೈವರ್ (ಚಿಪ್ ಜೊತೆ ಮಾತಾಡುವ ಭಾಗ) ಕೂಡ ಕೈ ಹಾಕಲು ಬಿಡುವ ಆಯ್ಕೆ ಅದು. ಇಬ್ಬರೂ ಒಂದೇ ಹೊತ್ತಿಗೆ ಅದೇ ಚಿಪ್ ಮುಟ್ಟಿದರೆ ಓದು ತಪ್ಪಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ಅದು ಬೇಕಾದ ಕಂಪ್ಯೂಟರುಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ರೋಗ ಏನು ಅಂತ ನೋಡದೆ ಕೊಡುವ ಮದ್ದಲ್ಲ ಅದು. ಪುಣ್ಯಕ್ಕೆ ಇವನು ಅದನ್ನು ಹಾಕಿರಲಿಲ್ಲ.

ಟರ್ಮಿನಲ್ ತೆರೆದು ಸುಮ್ನೆ 'ಸೆನ್ಸರ್ಸ್' ಅಂತ ಕೊಡು ಅಂದೆ. ಎಲ್ಲ ಸೆನ್ಸರ್‌ಗಳ ಓದನ್ನೂ ತೋರಿಸುವ ಆಜ್ಞೆ ಅದು. ಸ್ಕ್ರೀನ್ ಹಂಚಿಕೊಂಡ. ಕೋರ್‌ಟೆಂಪ್ (ಇಂಟೆಲ್ ಸಿಪಿಯುನ ಬಿಸಿ ಓದುವ ಡ್ರೈವರ್) ಕೆಳಗೆ ಪ್ಯಾಕೇಜಿನ, ಅಂದರೆ ಇಡೀ ಸಿಪಿಯುನ, ಉಷ್ಣಾಂಶ 91. ನನಗಂತೂ ಎದೆ ಧಸಕ್ಕೆಂದಿತು. ಅವನು ಮಾತ್ರ ಅಲುಗಲಿಲ್ಲ.

"ಅದನ್ನ ನಂಬಬೇಡಣ್ಣ. ಕೆಳಗೆ ನೋಡು, 127 ಅಂತಿದೆ. ಇದಕ್ಕೆ ತಲೆ ಕೆಟ್ಟಿದೆ. ಪಟ್ಟಿಯಲ್ಲಿ 38ಏ ಇದೆಯಲ್ಲ."

ಆ 127 ನಿಜಕ್ಕೂ ಕಸವೇ. ಮದರ್‌ಬೋರ್ಡಿನ ಮೇಲೆ ಫ್ಯಾನು, ಉಷ್ಣಾಂಶಗಳನ್ನು ನೋಡಿಕೊಳ್ಳುವ ಸೂಪರ್ ಐಒ ಚಿಪ್‌ನಲ್ಲಿ ಉಷ್ಣಾಂಶಕ್ಕೆ ಅಂತ ಹಲವು ಪಿನ್‌ಗಳಿರುತ್ತವೆ. ಬೋರ್ಡ್ ಮಾಡುವವರು ಎಲ್ಲಕ್ಕೂ ಸೆನ್ಸರ್ ಜೋಡಿಸುವುದಿಲ್ಲ. ಏನೂ ಜೋಡಿಸದ ಪಿನ್ ಓದಿದರೆ 127 ಬರಬಹುದು, ಸೊನ್ನೆಗಿಂತ ಕೆಳಗಿನ ಸಂಖ್ಯೆಯೂ ಬರಬಹುದು. ಸೆನ್ಸರ್ಸ್‌ನ ಕಾನ್ಫಿಗ್ ಫೈಲಿನಲ್ಲಿ 'ಇಗ್ನೋರ್' ಅಂತ ಒಂದು ಸಾಲು ಬರೆದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಆದರೆ 91 ಬಂದಿದ್ದು ಬೇರೆ ಚಿಪ್‌ನಿಂದ, ಬೇರೆ ಡ್ರೈವರ್‌ನಿಂದ. ಒಂದು ಸಾಲು ಸುಳ್ಳು ಅಂತ ಗೊತ್ತಾದ ಕೂಡಲೇ ಅವನು ಇಡೀ ಪುಟವನ್ನೇ ತಳ್ಳಿಹಾಕಿದ್ದ. ಅಚ್ಚುಕಟ್ಟಾಗಿ ಕಾಣುವ ತನ್ನ ಪಟ್ಟಿಯನ್ನು ಹಿಡಿದುಕೊಂಡಿದ್ದ.

ಸರಿ, ನಿನ್ನ ಪಟ್ಟಿ ಯಾವ ಫೈಲ್ ಓದುತ್ತೆ, ಅದನ್ನೇ ನೇರ ತೆರೆದು ತೋರಿಸು ಅಂದೆ. ಸಿಸ್‌ಎಫ್‌ಎಸ್ (ಕರ್ನಲ್ ಸಾಧನಗಳ ವಿವರವನ್ನು ಫೈಲುಗಳಾಗಿ ತೋರಿಸುವ ಜಾಗ) ಒಳಗೆ ಎಚ್‌ಡಬ್ಲ್ಯುಮಾನ್2 ಅನ್ನುವ ಫೋಲ್ಡರ್, ಅದರಲ್ಲಿ ಟೆಂಪ್1 ಇನ್‌ಪುಟ್. ತೆರೆದ. 37850 ಅಂತ ಬಂತು.

ಅಲ್ಲಿಗೆ ನನಗೆ ಗೊತ್ತಾಯಿತು.

ಈ ಫೈಲುಗಳಲ್ಲಿ ಸಂಖ್ಯೆ ಇರುವುದು ಡಿಗ್ರಿಯ ಸಾವಿರದ ಒಂದು ಭಾಗದಲ್ಲಿ. ಇಂಟೆಲ್ ಸಿಪಿಯು ಓದುವ ಕೋರ್‌ಟೆಂಪ್ ಯಾವಾಗಲೂ ಇಡೀ ಡಿಗ್ರಿಯನ್ನೇ ಕೊಡುತ್ತದೆ. 38000 ಬರಬಹುದು, 91000 ಬರಬಹುದು. 850 ಅಲ್ಲಿ ಬರುವುದಿಲ್ಲ. ಎನ್‌ವಿಎಂಇ ಅನ್ನುವ ಬಗೆಯ ಎಸ್‌ಎಸ್‌ಡಿ ಡಿಸ್ಕುಗಳಾದರೋ ತಮ್ಮ ಬಿಸಿಯನ್ನು ಕೆಲ್ವಿನ್‌ನಲ್ಲಿ ಹೇಳುತ್ತವೆ. 311 ಅಂತ ಡ್ರೈವ್ ಹೇಳಿದರೆ ಕರ್ನಲ್ ಅದರಿಂದ 273.15 ಕಳೆಯುತ್ತದೆ. ಉಳಿಯುವುದು 37.85. ಎಸ್‌ಎಸ್‌ಡಿಯ ಲೆಕ್ಕದ ಕೊನೆಯಲ್ಲಿ ಆ 85 ಅಂಟಿಕೊಂಡೇ ಇರುತ್ತದೆ. ಇವನ ಸ್ಕ್ರಿಪ್ಟ್ ಅದನ್ನು 38 ಅಂತ ದುಂಡಗೆ ಮಾಡಿ ಇದ್ದ ಒಂದೇ ಗುರುತನ್ನೂ ಅಳಿಸಿಹಾಕಿತ್ತು.

ಪಕ್ಕದಲ್ಲೇ 'ನೇಮ್' ಅಂತ ಇನ್ನೊಂದು ಫೈಲ್ ಇದೆ, ಅದನ್ನೂ ತೆರೆ ಅಂದೆ. ಎನ್‌ವಿಎಂಇ ಅಂತ ಬಂತು.

"ಇದು ಹೊಸ ಎಸ್‌ಎಸ್‌ಡಿ ಅಲ್ವಾ?" ಅಂದ.

ಹೌದು. ಹೋದ ತಿಂಗಳು ಎರಡನೇ ಎಸ್‌ಎಸ್‌ಡಿ ಹಾಕಿಸಿದ್ದ. ಎಚ್‌ಡಬ್ಲ್ಯುಮಾನ್‌ನ ಸಂಖ್ಯೆಗಳು ಬೂಟ್ ಆಗುವಾಗ ಡ್ರೈವರುಗಳು ಬಂದ ಸಾಲಿನಲ್ಲಿ ಸಿಗುತ್ತವೆ. ಯಾವ ಸಂಖ್ಯೆಯೂ ಯಾರಿಗೂ ಕಾಯಂ ಅಲ್ಲ. ಹೊಸ ಡ್ರೈವ್ 2ನೇ ಜಾಗದಲ್ಲಿ ಕೂತಿತು, ಸಿಪಿಯು ಮುಂದಕ್ಕೆ ಸರಿಯಿತು. ಪಟ್ಟಿಯ ಮೇಲಿನ ಸಿಪಿಯು ಅನ್ನುವ ಅಕ್ಷರ ಮಾತ್ರ ಇದ್ದಲ್ಲೇ ಇತ್ತು, ಯಾಕೆಂದರೆ ಅದನ್ನು ಬರೆದವನು ಇವನೇ, ಕರ್ನಲ್ ಅಲ್ಲ.

ನನ್ನನ್ನು ಈ ವಾರವೆಲ್ಲ ಕಾಡಿದ್ದು ಆ 38. ಅಲ್ಲಿ 127 ಬಂದಿದ್ದರೆ ಮೊದಲ ದಿನವೇ ಅನುಮಾನ ಬರುತ್ತಿತ್ತು. ಸೊನ್ನೆ ಬಂದಿದ್ದರೂ ಬರುತ್ತಿತ್ತು. 38 ಒಂದು ತಣ್ಣನೆಯ ಸಿಪಿಯುಗೆ ಹೊಂದುವ ಸಂಖ್ಯೆ. ಕೆಲಸ ಹೆಚ್ಚಾದಾಗ ಅದು ನಿಧಾನಕ್ಕೆ 41ರವರೆಗೂ ಏರುತ್ತಿತ್ತು, ಯಾಕೆಂದರೆ ಡಿಸ್ಕಿಗೂ ಕೆಲಸ ಇರುತ್ತಿತ್ತಲ್ಲ. ಅಳತೆಯೂ ಸರಿಯಾದದ್ದೇ. ಎಸ್‌ಎಸ್‌ಡಿ ನಿಜವಾಗಿಯೂ ಅಷ್ಟೇ ಬಿಸಿ ಇತ್ತು. ಯಾರ ಅಳತೆ ಅನ್ನುವುದಷ್ಟೇ ತಪ್ಪಿದ್ದು.

ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರೋಗ್ರಾಂ ಸರಿಯಾಗಿ ನಡೆದುಕೊಂಡಿತ್ತು. ಬಿಸಿ ನೋಡಿ ಫ್ಯಾನಿನ ವೇಗ ಬದಲಿಸುವ ಫ್ಯಾನ್‌ಕಂಟ್ರೋಲ್. ಅದರ ಕಾನ್ಫಿಗ್ ಫೈಲಿನಲ್ಲಿ ಎಚ್‌ಡಬ್ಲ್ಯುಮಾನ್ ಸಂಖ್ಯೆಯ ಜೊತೆಗೆ ಆ ಸಂಖ್ಯೆ ಯಾವ ಸಾಧನದ್ದು, ಅದರ ಹೆಸರೇನು ಅಂತಲೂ ಬರೆದಿರುತ್ತದೆ. ಶುರುವಾಗುವಾಗ ಎರಡನ್ನೂ ಹೋಲಿಸಿ ನೋಡುತ್ತದೆ. ತಾಳೆ ಆಗದಿದ್ದರೆ ಕಾನ್ಫಿಗ್ ಹಳೆಯದಾಗಿದೆ, ಪಿಡಬ್ಲ್ಯುಎಂಕಾನ್ಫಿಗ್ (ಆ ಫೈಲನ್ನು ಬರೆದುಕೊಡುವ ಪ್ರೋಗ್ರಾಂ) ಮತ್ತೆ ಓಡಿಸು ಅಂತ ಹೇಳಿ ನಿಂತುಬಿಡುತ್ತದೆ. ಎಸ್‌ಎಸ್‌ಡಿ ಹಾಕಿದ ದಿನದಿಂದ ಅದು ಹಾಗೇ ನಿಂತಿತ್ತು, ಲಾಗ್‌ನಲ್ಲಿ ಪ್ರತಿ ಬೂಟಿಗೂ ಅದೇ ಸಾಲು. ಅದು ನಿಂತಿದ್ದರಿಂದ ಫ್ಯಾನಿನ ಹಿಡಿತ ಮದರ್‌ಬೋರ್ಡಿನ ಕೈಯಲ್ಲೇ ಉಳಿಯಿತು. ಬೋರ್ಡ್ ಸಿಪಿಯುನ ನಿಜವಾದ ಬಿಸಿ ನೋಡಿ ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸಿತು. ಸುಮ್ಮನೆ 2ನೇ ಸಂಖ್ಯೆಯನ್ನು ನಂಬಿ ಫ್ಯಾನ್‌ಕಂಟ್ರೋಲ್ ಕೆಲಸ ಮುಂದುವರಿಸಿದ್ದರೆ? ಎಸ್‌ಎಸ್‌ಡಿಯ 38 ನೋಡಿಕೊಂಡು ಫ್ಯಾನನ್ನು ನಿಧಾನ ಮಾಡುತ್ತಿತ್ತು, ಕೆಳಗೆ ಸಿಪಿಯು ಬೇಯುತ್ತಿತ್ತು. ಆ ಸಣ್ಣ ಪರೀಕ್ಷೆಯನ್ನು ಬರೆದವರು ಯಾರೇ ಆಗಲಿ, ಅವರ ಮೇಲೆ ನನಗೆ ಬಹಳ ಗೌರವ.

ಈ ಸಂಖ್ಯೆಗಳ ಹಿಂದೆ ಏನೇನಿರುತ್ತದೆ ಅಂತ ನಾವು ಯೋಚಿಸುವುದೇ ಕಡಿಮೆ. ಇಂಟೆಲ್ ಸಿಪಿಯುನ ಒಳಗಿನ ಸೆನ್ಸರ್ ಇಷ್ಟು ಡಿಗ್ರಿ ಅಂತ ಹೇಳುವುದೇ ಇಲ್ಲ. ಗರಿಷ್ಠ ಮಿತಿಗಿಂತ ಇಷ್ಟು ಕೆಳಗಿದ್ದೇನೆ ಅಂತ ಮಾತ್ರ ಹೇಳುತ್ತದೆ. ಇವನ ಸಿಪಿಯುಗೆ ಮಿತಿ 100. ಸೆನ್ಸರ್ ಹೇಳಿದ್ದು 9, ಕರ್ನಲ್ ಕಳೆದು ತೋರಿಸಿದ್ದು 91. ಎಎಂಡಿ ಕಂಪನಿಯ ಸಿಪಿಯುಗಳದು ಇನ್ನೊಂದು ಥರ. 2017ರಲ್ಲಿ ಬಂದ ರೈಜೆನ್ 7 1800ಎಕ್ಸ್ ಹೊರಗೆ ಹೇಳುತ್ತಿದ್ದ ಟಿಕಂಟ್ರೋಲ್ ಉಷ್ಣಾಂಶ ನಿಜಕ್ಕಿಂತ 20 ಡಿಗ್ರಿ ಜಾಸ್ತಿ. ಕಂಪನಿ ಬೇಕೆಂದೇ ಹಾಗೆ ಇಟ್ಟಿತ್ತು, ಬೇರೆ ಬೇರೆ ಮಾದರಿಗಳಲ್ಲಿ ಫ್ಯಾನ್ ಒಂದೇ ರೀತಿ ನಡೆಯಲಿ ಅಂತ. ಅಂದರೆ ಆ ಸಂಖ್ಯೆ ಮಾಡಿದ್ದೇ ಫ್ಯಾನಿಗೋಸ್ಕರ. ನಾವು ಅದನ್ನು ಮೂಲೆಯ ಪಟ್ಟಿಗೆ ಹಾಕಿಕೊಂಡು ಗಾಬರಿಯಾದೆವು, ಇಲ್ಲವೇ ನಿಶ್ಚಿಂತೆಯಾದೆವು.

ಸಂಜೆ ಅವನು ಹೀಟ್‌ಸಿಂಕ್ ಬಿಚ್ಚಿದ. ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಹಾಸಿಕೊಂಡಿತ್ತು. ಒರೆಸಿ, ಹೊಸ ಥರ್ಮಲ್ ಪೇಸ್ಟ್ ಹಾಕಿ, 91 ಬಂದಾಗ ಓಡುತ್ತಿದ್ದ ಕಂಪೈಲ್ ಕೆಲಸವನ್ನೇ (ಕೋಡನ್ನು ಪ್ರೋಗ್ರಾಂ ಆಗಿ ಕಟ್ಟುವುದು) ಮತ್ತೆ ಕೊಟ್ಟ. 68ಕ್ಕೆ ನಿಂತಿತು. ಹೊಸ ಫ್ಯಾನ್ ಬೇಕಾಗಲಿಲ್ಲ.

ಸ್ಕ್ರಿಪ್ಟ್ ವಿಷಯಕ್ಕೆ ಮಾತ್ರ ಸಣ್ಣ ಜಗಳವೇ ಆಯಿತು. ಸಂಖ್ಯೆ ಬಿಟ್ಟು ನೇಮ್ ಫೈಲಿನಲ್ಲಿ ಕೋರ್‌ಟೆಂಪ್ ಹುಡುಕು ಅಂದಿದ್ದಕ್ಕೆ ಕೂಡಲೇ ಒಪ್ಪಿದ. ಹುಡುಕಿ ಸಿಗದಿದ್ದರೆ ಏನು ತೋರಿಸಬೇಕು? ಕೊನೆಯ ಸಲ ಓದಿದ ಸಂಖ್ಯೆಯನ್ನೇ ಇಟ್ಟರೆ ಪಟ್ಟಿ ಚೆನ್ನಾಗಿ ಕಾಣುತ್ತೆ ಅಂದ. ಬೇಡವೇ ಬೇಡ ಅಂದೆ. ಸಿಗಲಿಲ್ಲ ಅಂತಲೇ ಬರಲಿ, ಅದೂ ಕೆಂಪು ಬಣ್ಣದಲ್ಲಿ. ತುಂಬಾ ಹೊತ್ತು ವಾದ ಮಾಡಿ, ಕೊನೆಗೆ ಹಾಗೇ ಬರೆದ. ಪಕ್ಕದಲ್ಲಿ ಫ್ಯಾನಿನ ವೇಗವನ್ನೂ ಹಾಕಿಕೊಂಡ. ಪಿಡಬ್ಲ್ಯುಎಂಕಾನ್ಫಿಗ್ ಇನ್ನೂ ಓಡಿಸಿಲ್ಲ. ಯಾವ ಫ್ಯಾನ್ ಯಾವುದಕ್ಕೆ ಅಂತ ತಿಳಿಯಲು ಅದು ಒಂದೊಂದನ್ನೇ ನಿಲ್ಲಿಸಿ ನೋಡುತ್ತದೆ. ಆ ಹೊತ್ತಿನಲ್ಲಿ ಕಂಪ್ಯೂಟರಿಗೆ ಬೇರೆ ಕೆಲಸ ಇರಬಾರದು, ಹಾಗಾಗಿ ಅವನ ಈಗಿನ ಕೆಲಸ ಮುಗಿಯಲಿ ಅಂತ ಬಿಟ್ಟಿದ್ದೇವೆ.