ವಸಂತದಲ್ಲಿ ನಸುಕಿಗೆ ಹೊರಡಬೇಡಿ

ಗಾಳ ಹಾಕಲು ಬರುವವರನ್ನು ದೋಣಿಯಲ್ಲಿ ಅಳಿವೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಚಳಿ ಮುಗಿಯುತ್ತಾ ಬಂದ ಹಾಗೆ ಫೋನ್ ಬರಲು ಶುರುವಾಗುತ್ತದೆ. ಹೆಚ್ಚಿನವರು ಕೇಳುವುದು ಒಂದೇ: ಬೆಳಗ್ಗೆ 5 ಗಂಟೆಗೆ ಹೊರಡೋಣವಾ? ಮಧ್ಯಾಹ್ನ ಬನ್ನಿ ಎನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಮೀನು ಹಿಡಿಯುವುದೆಂದರೆ ನಸುಕು ಎಂದೇ ಎಲ್ಲರೂ ಕೇಳಿ ಬೆಳೆದಿರುತ್ತಾರೆ, ಅಲ್ವಾ? ಬೇಸಿಗೆಯಲ್ಲಿ ಅದು ಸರಿ. ವಸಂತದ ಮೊದಲ ವಾರಗಳಲ್ಲಿ ಸರಿಯಲ್ಲ.

ಹೆಚ್ಚಿನ ಮೀನುಗಳ ಮೈಗೆ ಸ್ವಂತ ಬಿಸಿ ಇಲ್ಲ. ನೀರು ತಣ್ಣಗಿದ್ದರೆ ಮೈಯೂ ತಣ್ಣಗೆ, ಹಸಿವೂ ಕಮ್ಮಿ. ತೆಳು ನೀರು ಬೇಗ ಕಾಯುತ್ತದೆ, ಬೇಗ ಆರುತ್ತದೆ. ರಾತ್ರಿಯಿಡೀ ಆರಿದ ನೀರು ಸೂರ್ಯ ಹುಟ್ಟುವ ಹೊತ್ತಿಗೆ ದಿನದಲ್ಲೇ ಅತಿ ತಣ್ಣಗಿರುತ್ತದೆ. ಆಗ ಮೀನೆಲ್ಲ ಆಳದಲ್ಲಿ ಸುಮ್ನೆ ನಿಂತಿರುತ್ತದೆ. ಮೂಗಿನ ಮುಂದೆ ಎರೆ ಹೋದರೂ ಅಲುಗುವುದಿಲ್ಲ.

ಹೊತ್ತು ಏರಿದ ಮೇಲೆ ಲೆಕ್ಕ ಬದಲಾಗುತ್ತದೆ. ಕಪ್ಪು ಕೆಸರಿನ ತಳ ಬಿಸಿಲನ್ನು ಹೀರಿಕೊಳ್ಳುತ್ತದೆ. ಬಿಳಿ ಮರಳಿನ ತಳ ಬೆಳಕನ್ನು ವಾಪಸ್ ಎಸೆಯುತ್ತದೆ. ಅಷ್ಟೇ ಆಳದ ಎರಡು ಜಾಗ ಅಕ್ಕಪಕ್ಕದಲ್ಲೇ ಇದ್ದರೂ ಕೆಸರಿನ ಕಡೆ ನೀರು ಒಂದೆರಡು ಡಿಗ್ರಿ ಜಾಸ್ತಿ ಇರಬಹುದು. ಚಳಿಯಲ್ಲಿ ನಾವು ಎಳೆಬಿಸಿಲು ಹುಡುಕಿಕೊಂಡು ಕೂರುವ ಹಾಗೆ ಸಣ್ಣ ಮೀನು, ಸಿಗಡಿ ಎಲ್ಲ ಅಲ್ಲಿಗೆ ಬರುತ್ತವೆ. ಅವುಗಳ ಹಿಂದೆ ದೊಡ್ಡವು. ಗಾಳಿ ಯಾವ ದಡದತ್ತ ಬೀಸುತ್ತಿದೆ ಎಂದೂ ನೋಡಿ. ಮೇಲಿನ ಬೆಚ್ಚಗಿನ ನೀರನ್ನು ಗಾಳಿ ಆ ದಡಕ್ಕೇ ತಳ್ಳಿಕೊಂಡು ಹೋಗುತ್ತದೆ. ನನ್ನ ದೋಣಿಯಲ್ಲಿ ಒಂದು ಥರ್ಮಾಮೀಟರ್ ದಾರಕ್ಕೆ ಕಟ್ಟಿಕೊಂಡೇ ಇರುತ್ತದೆ. ಗಾಳ ಬಿಚ್ಚುವ ಮೊದಲು ಅದು ನೀರಿಗಿಳಿಯುತ್ತದೆ.

ಇನ್ನು ಇಳಿತ, ಅಂದರೆ ಉಬ್ಬರದ ನೀರು ಸಮುದ್ರಕ್ಕೆ ಮರಳುವ ಹೊತ್ತು. ಮಧ್ಯಾಹ್ನದ ಬಿಸಿಲಿಗೆ ಕಾದ ನೀರು, ಸಂಜೆಯ ಇಳಿತದಲ್ಲಿ ಸಣ್ಣ ತೋಡುಗಳ ಬಾಯಿಂದ ಹೊರಗೆ ಹರಿಯಬೇಕು. ಇವೆರಡೂ ಕೂಡಿ ಬರುವ ದಿನಕ್ಕೆ ನಾನು ಕಾಯುತ್ತೇನೆ. ನೀರಿನ ಜೊತೆ ಸಿಗಡಿ, ಮರಿಮೀನು ಕೊಚ್ಚಿಕೊಂಡು ಬರುತ್ತವೆ. ಬೇಟೆ ಮೀನು ತೋಡಿನ ಬಾಯಲ್ಲಿ, ಹರಿವಿನ ಅಂಚಿನಲ್ಲಿ, ತಲೆಯನ್ನು ಹರಿವಿಗೆ ಎದುರಾಗಿ ಇಟ್ಟುಕೊಂಡು ನಿಂತಿರುತ್ತದೆ. ಅದಕ್ಕೇ ಎರೆಯನ್ನು ಹರಿವಿನ ಮೇಲ್ಗಡೆ ಎಸೆದು ನೀರಿನ ಜೊತೆ ಇಳಿಯಲು ಬಿಡಬೇಕು. ಹರಿವಿಗೆ ಎದುರಾಗಿ ಈಜಿಕೊಂಡು ಬರುವ ಸಿಗಡಿಯನ್ನು ಯಾವ ಮೀನೂ ನಂಬುವುದಿಲ್ಲ. ದಿನಕ್ಕೆರಡು ಉಬ್ಬರ ಬರುವ ಕಡೆ ಇಳಿತ ಸುಮಾರು 6 ಗಂಟೆ ಇರುತ್ತದೆ. ಅದರಲ್ಲಿ ನಡುವಿನ 2 ಗಂಟೆಯಲ್ಲೇ ಹೆಚ್ಚುಕಮ್ಮಿ ಅರ್ಧ ನೀರು ಹರಿದುಹೋಗುತ್ತದೆ. ಊಟ, ಫೋಟೋ ಎಲ್ಲ ಅದಕ್ಕೆ ಮೊದಲೇ ಮುಗಿಸಿಕೊಳ್ಳಿ ಎಂದು ಜೊತೆಗೆ ಬಂದವರಿಗೆ ಹೇಳಿಬಿಡುತ್ತೇನೆ.

ಉಬ್ಬರದ ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಅದು ಮುಖ್ಯವಾಗಿ ಸೂರ್ಯ ಚಂದ್ರರ ಲೆಕ್ಕ. ಆ ದಿನದ ಗಾಳಿ ಅದರಲ್ಲಿ ಇರುವುದಿಲ್ಲ. ವಸಂತದಲ್ಲಿ ಹವೆ ತಿರುಗಿ, ನೆಲದ ಕಡೆಯಿಂದ ತಣ್ಣನೆ ಗಾಳಿ ಜೋರಾಗಿ ಬೀಸಿದರೆ ನೀರು ಪಟ್ಟಿಗಿಂತ ಕೆಳಗೆ ಹೋಗುತ್ತದೆ. ಗಾಳಿಯ ಒತ್ತಡ 1 ಮಿಲಿಬಾರ್ ಏರಿದರೂ ಸಮುದ್ರ ಸುಮಾರು 1 ಸೆಂಟಿಮೀಟರ್ ತಗ್ಗುತ್ತದೆ. ಹೀಗಾದ ಮರುದಿನ ಆಕಾಶ ತಿಳಿಯಾಗಿ ತುಂಬಾ ಚೆನ್ನಾಗಿ ಕಾಣುತ್ತದೆ, ಮೀನು ಮಾತ್ರ ಕಚ್ಚುವುದಿಲ್ಲ. ಆ ದಿನ ಬುಕಿಂಗ್ ಇದ್ದರೆ ಎರಡು ದಿನ ಮುಂದಕ್ಕೆ ಹಾಕಿ ಎಂದು ನಾನೇ ಹೇಳುತ್ತೇನೆ. ಬರಲೇಬೇಕು ಎಂದವರನ್ನು ತೋಡಿನ ಆಳದ ತಿರುವಿಗೆ ಕರೆದೊಯ್ಯುತ್ತೇನೆ. ಎರೆ ತಳದಲ್ಲಿ ಬಿಟ್ಟು ಕಾಯುವುದಷ್ಟೇ ಅಲ್ಲಿನ ಕೆಲಸ.

ತಣ್ಣಗಿನ ನೀರಿಗೆ ಎರೆ ಸಣ್ಣದಿರಲಿ, ಎಳೆಯುವುದು ನಿಧಾನವಾಗಿರಲಿ. ಎಷ್ಟು ನಿಧಾನ ಎಂದರೆ, ಸಾಕು ಅನ್ನಿಸಿದ ಮೇಲೆ ಇನ್ನೂ ಅರ್ಧ. ಜೀವಂತ ಎರೆಗೆ ನಾನು ಸರ್ಕಲ್ ಹುಕ್, ಅಂದರೆ ತುದಿ ಒಳಕ್ಕೆ ಬಾಗಿದ ದುಂಡನೆ ಕೊಕ್ಕೆ, ಕೊಡುತ್ತೇನೆ. ಇದರಲ್ಲಿ ಜಗ್ಗಬಾರದು, ದಾರ ಬಿಗಿಯಾದಾಗ ಸಮನಾಗಿ ಸುತ್ತುತ್ತಾ ಹೋದರೆ ಕೊಕ್ಕೆ ತಾನಾಗಿ ಬಾಯಿಯ ಮೂಲೆಗೆ ಸಿಗುತ್ತದೆ. ಹೊಸಬರಿಗೆ ಕಲಿಸಲು ಅತಿ ಕಷ್ಟದ ಪಾಠ ಇದೇ. ಕೈ ತಡೆಯುವುದಿಲ್ಲ, ಜಗ್ಗೇಬಿಡುತ್ತಾರೆ.

ಬಾಯಿಯ ಮೂಲೆಗೆ ಸಿಕ್ಕ ಮೀನನ್ನು ಬಿಡುವುದೂ ಸುಲಭ. ಎಷ್ಟೋ ಜಾತಿಗೆ ಇದು ಮೊಟ್ಟೆ ಕಟ್ಟುವ ಕಾಲ. ಹೊಟ್ಟೆ ತುಂಬಿದ ಹೆಣ್ಣು ಮೀನು ನನ್ನ ದೋಣಿಯಿಂದ ವಾಪಸ್ ನೀರಿಗೇ ಹೋಗುತ್ತದೆ, ಒದ್ದೆ ಕೈಯಲ್ಲಿ, ಮೈಮೇಲಿನ ಲೋಳೆ ಕೀಳದ ಹಾಗೆ. ಇದಕ್ಕೆ ಒಪ್ಪದವರನ್ನು ನಾನು ಕರೆದೊಯ್ಯುವುದಿಲ್ಲ.

ಮಧ್ಯಾಹ್ನದ ಈ ಲೆಕ್ಕ ಕೆಲವೇ ವಾರ ನಡೆಯುತ್ತದೆ. ನಸುಕಿನಲ್ಲಿ ದಡದ ತೆಳು ನೀರಿಗೂ ತೋಡಿನ ಆಳಕ್ಕೂ ಥರ್ಮಾಮೀಟರ್ ಇಳಿಸಿ ನೋಡುತ್ತಿರುತ್ತೇನೆ. ಎರಡೂ ಕಡೆ ಅಂಕಿ ಒಂದೇ ಬರಲು ಶುರುವಾದರೆ ರಾತ್ರಿಯ ಚಳಿ ನೀರಿಗೆ ತಾಗುತ್ತಿಲ್ಲ ಎಂದು ಅರ್ಥ. ಅಲ್ಲಿಂದ ಮುಂದೆ 5 ಗಂಟೆಗೆ ಬನ್ನಿ ಎಂದು ನಾನೇ ಫೋನ್ ಮಾಡುತ್ತೇನೆ.