ಹಿಂದಿನ ಟೈರು ಇನ್ನೂ ತಣ್ಣಗಿತ್ತು

ಡಿಸೆಂಬರ್ ತಿಂಗಳ ಬೆಳಿಗ್ಗೆ ಆರೂವರೆ. ಕೊಡಗಿನ ಅಮ್ಮತ್ತಿ ಕಡೆಯ ಮೈದಾನವೊಂದರಲ್ಲಿ ರ್ಯಾಲಿಯ ಸರ್ವಿಸ್ ಪಾರ್ಕ್, ಅಂದರೆ ಕಾರು ಸಿದ್ಧ ಮಾಡುವ ಜಾಗ. ಸಿಲ್ವರ್ ಓಕ್ ಎಲೆಗಳಿಂದ ಇಬ್ಬನಿ ತೊಟ್ಟಿಕ್ಕಿ ಟಾರ್ಪಾಲಿನ ಮೇಲೆ ಸಣ್ಣ ಮಳೆ ಬಂದ ಹಾಗೆ ಸದ್ದು. ಥರ್ಮಾಮೀಟರಿನಲ್ಲಿ 14 ಡಿಗ್ರಿ. ಕಾರು ಮುಂದಿನ ಚಕ್ರ ಎಳೆಯುವ ಪೋಲೋ, ಮಣ್ಣುದಾರಿಗೆ ಮಾಡಿದ ಹೊಸ ಗ್ರಾವೆಲ್ ಟೈರು, ನಾಲ್ಕಕ್ಕೂ 26 ಪಿಎಸ್‌ಐ ಗಾಳಿ.

ಗಾಳಿ ಹಿಡಿಯುವ ಕೆಲಸ ಇಲ್ಲಿಗೆ ಬಂದು ಮಾಡಬೇಕು, ಕೆಳಗೆ ಮಾಡಿಕೊಂಡು ಬರಬಾರದು. ಮಂಗಳೂರಿನಲ್ಲಿ ಗಾಳಿ ಹಿಡಿಸಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಬಂದರೆ, ಸುಮಾರು 1,150 ಮೀಟರ್ ಎತ್ತರದಲ್ಲಿ ಹೊರಗಿನ ವಾತಾವರಣದ ಒತ್ತಡ ಇಳಿದಿರುತ್ತದೆ. ಗೇಜ್ ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನಷ್ಟೇ. ಹಾಗಾಗಿ ಒಂದು ಹನಿ ಗಾಳಿ ಸೇರಿಸದಿದ್ದರೂ ಹೆಚ್ಚುಕಡಿಮೆ 2 ಪಿಎಸ್‌ಐ ಜಾಸ್ತಿ ಕಾಣುತ್ತದೆ. ಅದೇ ಹೊತ್ತಿಗೆ ಚಳಿ ಅದನ್ನು ಕೆಳಗೆಳೆಯುತ್ತದೆ. ಟೈರಿನೊಳಗಿನ ಗಾಳಿ 10 ಡಿಗ್ರಿ ತಣ್ಣಗಾದರೆ 1.4 ಪಿಎಸ್‌ಐ ಹತ್ತಿರ ಇಳಿಯುತ್ತದೆ, 10 ಡಿಗ್ರಿ ಬಿಸಿಯಾದರೆ ಅಷ್ಟೇ ಏರುತ್ತದೆ. ಈ ಕೊನೆಯ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಂಡರೆ ಸಾಕು, ಟೈರಿನ ಹೊಟ್ಟೆಯೊಳಗೆ ಎಷ್ಟು ಬಿಸಿ ಇದೆ ಅನ್ನುವುದನ್ನು ಬರೀ ಗಾಳಿ ಗೇಜಿನಿಂದಲೇ ಓದಬಹುದು.

ಸರ್ವಿಸ್‌ನಿಂದ ಮೊದಲ ಸ್ಟೇಜಿನ (ರಸ್ತೆ ಮುಚ್ಚಿ ಸಮಯ ಅಳೆಯುವ ಓಟದ ಭಾಗದ) ಟೈಮ್ ಕಂಟ್ರೋಲಿಗೆ, ಅಂದರೆ ಟಿ.ಸಿ.ಗೆ, 14 ಕಿಲೋಮೀಟರ್. ಕೊಟ್ಟ ಸಮಯ 30 ನಿಮಿಷ. ಸರಾಸರಿ ಗಂಟೆಗೆ 28 ಕಿಲೋಮೀಟರ್, ತೋಟದ ಜೀಪು ಹೋಗುವ ವೇಗ. ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ. ಒಂದು ನಿಮಿಷ ಬೇಗ ಹೋಗಿ ಟೈಮ್ ಕಾರ್ಡ್ ಕೊಟ್ಟರೆ ದಂಡ ಪೂರಾ ಒಂದು ನಿಮಿಷ. ನಿಯಮವೇ ಹೀಗಿದೆ: ಸ್ಟೇಜಿಗೆ ಹೋಗಿ ಬರುವ ಟ್ರಾನ್ಸ್‌ಪೋರ್ಟ್ ರಸ್ತೆಯಲ್ಲಿ ಓಡಿದವನಿಗೆ ಲಾಭವಿಲ್ಲ. ಈ 14 ಕಿಲೋಮೀಟರ್ ಸಾರ್ವಜನಿಕ ರಸ್ತೆ. ನಂಬರ್ ಪ್ಲೇಟ್, ವಿಮೆ, ಹಾರ್ನ್, ಇಂಡಿಕೇಟರ್ ಎಲ್ಲವೂ ಇರಬೇಕು, ಊರಿನ ಎಲ್ಲ ಗಾಡಿಗಳ ಹಾಗೆ ಎಡಗಡೆಯೇ ಹೋಗಬೇಕು.

ಆದರೂ ಟೈರು ಬಿಸಿ ಮಾಡುವ ಆತುರ ಶುರುವಾಗುವುದು ಇಲ್ಲಿಯೇ, ಯಾಕೆಂದರೆ ತಣ್ಣಗಿನ ರ್ಯಾಲಿ ಟೈರು ನೆಲವನ್ನು ಸರಿಯಾಗಿ ಹಿಡಿಯುವುದಿಲ್ಲ. ಆ ದಿನ ಕವಲುದಾರಿ ದಾಟಿದ ಕೂಡಲೇ ಮುಂದಿದ್ದ ಕಾರು ಹಾವಿನ ಹಾಗೆ ಎಡಕ್ಕೂ ಬಲಕ್ಕೂ ಹೊರಳಲು ಆರಂಭಿಸಿತು. ಟಿವಿಯಲ್ಲಿ ಫಾರ್ಮುಲಾ ಕಾರುಗಳು ಸೇಫ್ಟಿ ಕಾರಿನ ಹಿಂದೆ ಮಾಡುತ್ತವಲ್ಲ, ಅದೇ ಆಟ. ಅಲ್ಲಿಯ ರಸ್ತೆಗೆ ಎದುರಿನಿಂದ ಯಾರೂ ಬರುವುದಿಲ್ಲ. ಕೊಡಗಿನ ತೋಟದ ನಡುವಿನ ಡಾಂಬರು ರಸ್ತೆ ಎರಡು ಗಾಡಿ ದಾಟುವಷ್ಟೂ ಅಗಲವಿರುವುದಿಲ್ಲ, ಎರಡೂ ಬದಿಗೆ ಕಾಫಿ ಗಿಡಗಳ ಗೋಡೆ, ತಿರುವಿನಾಚೆ ಏನೂ ಕಾಣುವುದಿಲ್ಲ. ಹೊರಳುತ್ತಿದ್ದ ಕಾರು ಬಲಕ್ಕೆ ಹೋದ ಗಳಿಗೆಯಲ್ಲೇ ತಿರುವಿನಿಂದ ಪಿಕಪ್ ಬಂತು. ಹಿಂದುಗಡೆ ಕಾಫಿ ಕೊಯ್ಯಲು ಹೊರಟ ಹೆಂಗಸರು ನಿಂತಿದ್ದರು, ತಲೆಗೆ ಟವೆಲ್ ಕಟ್ಟಿಕೊಂಡು, ಕಂಬಿ ಹಿಡಿದುಕೊಂಡು. ಪಿಕಪ್ಪಿನವನು ಚರಂಡಿಗೆ ಎರಡು ಚಕ್ರ ಇಳಿಸಿ ಜಾಗ ಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ಹಿಂದಿನ ಕಾರಿನಲ್ಲಿದ್ದ ನಮಗೆ ಮಾತ್ರ ಕಂಬಿ ಹಿಡಿದ ಆ ಕೈಗಳೆಲ್ಲ ಒಟ್ಟಿಗೇ ಒಂದು ಕಡೆಗೆ ವಾಲಿದ್ದು ಕಣ್ಣಿಗೆ ಕಟ್ಟಿತು.

ಅಷ್ಟು ಅಪಾಯ ತಂದುಕೊಂಡು ಆ ಕಾರಿಗೆ ಸಿಕ್ಕಿದ್ದೇನು? ಏನೂ ಇಲ್ಲ. ಟೈರು ಬಿಸಿಯಾಗುವುದು ಎರಡು ರೀತಿ. ಚಕ್ರ ಉರುಳುವಾಗ ರಬ್ಬರು ಮತ್ತು ಒಳಗಿನ ಪದರಗಳು ಪ್ರತಿ ಸುತ್ತಿಗೂ ಮಡಚಿ ಬಿಡಿಸಿಕೊಳ್ಳುತ್ತವೆ. ಮಡಚುವಾಗ ಕೊಟ್ಟ ಶಕ್ತಿ ಪೂರ್ತಿ ವಾಪಸ್ ಬರುವುದಿಲ್ಲ, ಉಳಿದದ್ದು ಶಾಖವಾಗಿ ಟೈರಿನ ಒಡಲಿನಲ್ಲಿ ನಿಲ್ಲುತ್ತದೆ. ಇದು ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಇನ್ನೊಂದು ಉಜ್ಜುವಿಕೆಯ ಶಾಖ: ಚಕ್ರ ಜಾರಿದಾಗ, ಗಿರ್ರನೆ ತಿರುಗಿದಾಗ ಮೇಲಿನ ಚರ್ಮ ಮಾತ್ರ ಬಿಸಿಯಾಗುವುದು. ಕೈಯಿಟ್ಟರೆ ಬೆಚ್ಚಗೆ ಅನಿಸುತ್ತದೆ, ಎರಡು ಮೂರು ನಿಮಿಷ ನಿಂತರೆ ಹೋಗಿಬಿಡುತ್ತದೆ. 40ರ ವೇಗದಲ್ಲಿ ಸ್ಟೇರಿಂಗ್ ಆಡಿಸಿದರೆ ಟೈರಿನ ಮೇಲೆ ಬೀಳುವ ಪಕ್ಕದ ಒತ್ತಡ ತೀರಾ ಕಡಿಮೆ, ಸಿಗುವುದು ಈ ಚರ್ಮದ ಬಿಸಿ ಮಾತ್ರ. ಅದನ್ನೂ ಟಿ.ಸಿ. ಜಾಗ ಶುರುವಾಗುವ ಹಳದಿ ಬೋರ್ಡಿನ ಮುಂದೆ ಹತ್ತು ನಿಮಿಷ ಕಾಯುತ್ತಾ ಮಂಜಿಗೆ ಕೊಟ್ಟುಬಿಡುತ್ತೇವೆ.

ಮೊದಲ ಸುತ್ತಿನಲ್ಲಿ ನಮ್ಮ ಕಾರಿಗೂ ಕಾಯುವ ಗತಿಯೇ ಬಂತು. ರಸ್ತೆಯಲ್ಲಿ ಏನೂ ಆಟ ಆಡಲಿಲ್ಲ, ಆದರೆ ಒಂಬತ್ತು ನಿಮಿಷ ಮೊದಲೇ ಹಳದಿ ಬೋರ್ಡಿನ ಹತ್ತಿರ ಬಂದು ನಿಂತದ್ದು ತಪ್ಪು. ಇಳಿದು ಗೇಜ್ ಹಾಕಿದರೆ ಮುಂದಿನವು 28, ಹಿಂದಿನವು ಇಪ್ಪತ್ತಾರೂವರೆ. ಬಿಸಿ ಅಳೆಯುವ ಸೂಜಿಯ ಪೈರೋಮೀಟರನ್ನು ಹಿಂದಿನ ಎಡ ಟೈರಿನ ಕಟ್ಟೆಯೊಳಗೆ, ಅಂದರೆ ಮೇಲಿನ ರಬ್ಬರ್ ಉಬ್ಬಿನೊಳಗೆ, ಚುಚ್ಚಿದಾಗ ಅಂಕಿ 18ಕ್ಕೆ ಬಂದು ನಿಂತಿತು. ಹೊರಟಾಗ 14 ಇದ್ದದ್ದು, 14 ಕಿಲೋಮೀಟರ್ ಓಡಿ ನಾಲ್ಕೇ ಡಿಗ್ರಿ ಏರಿದೆ. ಸೂಜಿಯ ಉಪಕರಣವೇ ಬೇಕು ಅನ್ನುವುದು ಇದಕ್ಕೇ. ಪಿಸ್ತೂಲಿನ ಹಾಗೆ ಹಿಡಿಯುವ ಇನ್ಫ್ರಾರೆಡ್ ಯಂತ್ರ ಬರೀ ಚರ್ಮವನ್ನು ನೋಡಿ ಸುಳ್ಳು ಧೈರ್ಯ ಕೊಡುತ್ತದೆ.

"ಹಿಂದಿನದು ಎಷ್ಟಿದೆ, ಅಣ್ಣ?" ಡ್ರೈವರ್ ಕೇಳಿದ.

"ಹದಿನೆಂಟು. ಮೊದಲ ಎರಡು ತಿರುವು ಹಿಂಭಾಗ ಹಿಡಿತದಲ್ಲಿ ನಿಲ್ಲಲ್ಲ ಮಗ, ಸುಧಾರಿಸಿಕೊಂಡು ಹೋಗು."

ಮುಂದಿನ ಚಕ್ರ ಎಳೆಯುವ ಕಾರಿನ ದೊಡ್ಡ ತಾಪತ್ರಯ ಇದು. ಎಳೆಯುವುದು, ತಿರುಗಿಸುವುದು, ಬ್ರೇಕಿನ ಬಹುಪಾಲು ಎಲ್ಲವೂ ಮುಂದಿನ ಎರಡು ಟೈರುಗಳ ಕೆಲಸ. ಅವು ಬೇಗ ಬಿಸಿಯಾಗುತ್ತವೆ. ಹಿಂದಿನವು ಸುಮ್ಮನೆ ಹಿಂಬಾಲಿಸುತ್ತವೆ. ಮುಂದು ಚೆನ್ನಾಗಿ ಕಚ್ಚುತ್ತದೆ, ಅದನ್ನು ನಂಬಿ ಡ್ರೈವರ್ ಜೋರಾಗಿ ಒಳಗೆ ತಿರುಗಿಸುತ್ತಾನೆ, ಆಕ್ಸಿಲರೇಟರ್ ಬಿಟ್ಟ ಕ್ಷಣ ಭಾರ ಮುಂದಕ್ಕೆ ಬಂದು ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ಆ ದಿನವೂ ಅದೇ ಆಯಿತು. ಸ್ಟೇಜಿನ ಮೂರನೆಯ ತಿರುವು ಎಡಕ್ಕೆ, ಗರಸು ಮಣ್ಣಿನ ಮೇಲೆ ಒದ್ದೆ ಎಲೆ. ಕಾರಿನ ಹಿಂಭಾಗ ಕಾಳುಮೆಣಸಿನ ಬಳ್ಳಿ ಹಬ್ಬಿದ್ದ ಮರದ ಕಡೆಗೆ ಹೊರಟಿತು. ಆಕ್ಸಿಲರೇಟರ್ ಒತ್ತಿ ಹಿಡಿದು ಮುಂದಿನಿಂದ ಎಳೆದದ್ದರಿಂದ ನೇರವಾಯಿತು. ಅಲ್ಲಿ ಬ್ರೇಕ್ ತುಳಿದಿದ್ದರೆ ಮರಕ್ಕೇ ಹೋಗುತ್ತಿತ್ತು. ಆ ಒಂದು ಜಾರುವಿಕೆಗೆ ನಾಲ್ಕು ಸೆಕೆಂಡ್ ಹೋಯಿತು.

ನಾಲ್ಕು ಸೆಕೆಂಡ್ ಅಂದರೆ ಸಣ್ಣದಲ್ಲ. 2021ರ ಕ್ರೊಯೇಷ್ಯಾ ವಿಶ್ವ ರ್ಯಾಲಿಯನ್ನು ಫ್ರಾನ್ಸಿನ ಚಾಲಕ ಸೆಬಾಸ್ಟಿಯನ್ ಓಜಿಯೇ ಗೆದ್ದದ್ದು 0.6 ಸೆಕೆಂಡಿನ ಅಂತರದಲ್ಲಿ, ಮೂರು ದಿನ ಓಡಿದ ಮೇಲೆ. ಅದೇ ರ್ಯಾಲಿಯ ಕೊನೆಯ ದಿನ ಬೆಳಿಗ್ಗೆ, ಸ್ಟೇಜಿನಲ್ಲಲ್ಲ, ಸಾರ್ವಜನಿಕ ರಸ್ತೆಯಲ್ಲಿ ಅವರ ಕಾರಿಗೂ ಊರಿನವರ ಕಾರೊಂದಕ್ಕೂ ಡಿಕ್ಕಿಯಾಗಿತ್ತು. ಅಲ್ಲಿ ಪೊಲೀಸರ ಮಾತಿಗೆ ನಿಲ್ಲದೆ ಹೊರಟದ್ದಕ್ಕೆ ದಂಡವೂ ಬಿತ್ತು. ಸ್ಟೇಜಿನೊಳಗೆ ಜಗತ್ತಿನ ಯಾರಿಗೂ ಕಡಿಮೆಯಿಲ್ಲದ ಚಾಲಕನಿಗೂ ಟ್ರಾನ್ಸ್‌ಪೋರ್ಟ್ ರಸ್ತೆ ಬೇರೆಯೇ ಪರೀಕ್ಷೆ. ನಮ್ಮ ದೇಶದ ರ್ಯಾಲಿ ಚಾಲಕ ಗೌರವ್ ಗಿಲ್ 2013, 2016, 2017ರಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್ ಆದರು. ಅಂಥ ಪ್ರಶಸ್ತಿಗೆ ವರ್ಷವಿಡೀ ಅಂಕ ಸೇರಬೇಕು, ಅದಕ್ಕೆ ಪ್ರತಿ ರ್ಯಾಲಿಯಲ್ಲೂ ಕಾರು ಕೊನೆಯ ಟಿ.ಸಿ. ತನಕ ಬಂದು ಮುಟ್ಟಬೇಕು.

11 ಕಿಲೋಮೀಟರಿನ ಸ್ಟೇಜ್ ಮುಗಿದು ಸ್ಟಾಪ್ ಕಂಟ್ರೋಲ್ ದಾಟಿ, ಪಕ್ಕಕ್ಕೆ ನಿಲ್ಲಿಸಿ ಮತ್ತೆ ಗೇಜ್ ಹಾಕಿದೆವು: ಮುಂದೆ 32, ಹಿಂದೆ 29. ಲೆಕ್ಕ ಹಾಕಿದರೆ ಮುಂದಿನ ಟೈರಿನೊಳಗೆ 58 ಡಿಗ್ರಿ ಹತ್ತಿರ, ಹಿಂದೆ 36. ಗ್ರಾವೆಲ್ ಟೈರಿನ ಎತ್ತರದ ಕಟ್ಟೆಗಳು ಕಲ್ಲಿನ ಮೇಲೆ ಬಾಗಿ ಬಾಗಿ ತಮ್ಮ ಬಿಸಿಯನ್ನು ತಾವೇ ಮಾಡಿಕೊಳ್ಳುತ್ತವೆ. ಅವಕ್ಕೆ ಡಾಂಬರಿನ ಮೇಲೆ ಓಡುವ ರ್ಯಾಲಿ ಟೈರಿನಷ್ಟು ಪೂರ್ವಸಿದ್ಧತೆ ಬೇಡ. ಇಲ್ಲಿ ಕಷ್ಟವಿರುವುದು ಮೊದಲ ಒಂದು ಒಂದೂವರೆ ಕಿಲೋಮೀಟರ್ ಮಾತ್ರ.

ಮಧ್ಯಾಹ್ನದ ಸುತ್ತಿಗೆ ಕ್ರಮ ಬದಲಾಯಿತು. ತೋಟದ ಗೇಟಿನಿಂದ ಹಳದಿ ಬೋರ್ಡಿಗೆ 1.2 ಕಿಲೋಮೀಟರ್ ಖಾಸಗಿ ದಾರಿ. ಸಂಘಟಕರು ಗೇಟಿನಲ್ಲಿ ಮಾರ್ಷಲ್ ನಿಲ್ಲಿಸಿ ಹೊರಗಿನ ಗಾಡಿ ತಡೆದಿದ್ದರು, ಅಲ್ಲಿ ಬ್ರೇಕ್ ಬಿಸಿ ಮಾಡಲು ಒಪ್ಪಿಗೆಯೂ ಇತ್ತು. ಕಾಯುವುದನ್ನೆಲ್ಲ ಗೇಟಿನ ಹೊರಗೆ, ಅಗಲವಾದ ಜಾಗದಲ್ಲಿ, ಇಂಡಿಕೇಟರ್ ಹಾಕಿ ಮುಗಿಸಿದೆವು. ಟಿ.ಸಿ. ಸಮಯಕ್ಕೆ ನಾಲ್ಕು ನಿಮಿಷ ಇರುವಾಗ ಒಳಗೆ. ಮುಂದಿನ ಕಾರು ಕಣ್ಣಿಗೆ ಬೀಳದಷ್ಟು ದೂರ ಹೋಗಲಿ, ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲ ಅನ್ನುವುದು ಖಾತ್ರಿಯಾಗಲಿ, ಆಮೇಲೆ ನೇರ ದಾರಿಯಲ್ಲಿ ಎರಡನೇ ಗೇರಿನಲ್ಲಿ 30ರಿಂದ 60ಕ್ಕೆ ಏರಿಸಿ, ಚಕ್ರ ಲಾಕ್ ಆಗದ ಹಾಗೆ ಗಟ್ಟಿಯಾಗಿ ಬ್ರೇಕ್ ಹಾಕಿ ಮತ್ತೆ 30ಕ್ಕೆ. ಹೀಗೆ ಐದು ಸಲ. ಡಿಸ್ಕಿನ ಬಿಸಿ ರಿಮ್ಮಿಗೆ, ರಿಮ್ಮಿನಿಂದ ಒಳಗಿನ ಗಾಳಿಗೆ ಹೋಗುತ್ತದೆ. ಇದು ಒಡಲಿನ ಬಿಸಿ, ಹತ್ತು ನಿಮಿಷವಾದರೂ ಉಳಿಯುತ್ತದೆ.

ಹಿಂದಿನ ಚಕ್ರಕ್ಕೂ ಪಾಲು ಸಿಗಲಿ ಅಂತ ಮುಂದಿನ, ಹಿಂದಿನ ಚಕ್ರಗಳಿಗೆ ಬ್ರೇಕ್ ಒತ್ತಡ ಹಂಚುವ ಬಯಾಸ್ ಗುಬ್ಬಿಯನ್ನು ಎರಡು ಕ್ಲಿಕ್ ಹಿಂದಕ್ಕೆ ತಿರುಗಿಸಿದ್ದಾಯಿತು. ಇದನ್ನು ವಾಪಸ್ ತರಲು ಮರೆತರೆ ಮೊದಲ ತಿರುವಿನಲ್ಲೇ ಹಿಂದಿನ ಚಕ್ರ ಲಾಕ್ ಆಗಿ ಕಾರು ಬುಗುರಿಯಾಗುತ್ತದೆ. ಅದಕ್ಕೆ ಬೋರ್ಡ್ ಕಂಡ ಕೂಡಲೇ ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್ ಬಾಯಿಬಿಟ್ಟು ಕೇಳಬೇಕು, ಡ್ರೈವರ್ ಬಾಯಿಬಿಟ್ಟು ಹೇಳಬೇಕು.

"ಬಯಾಸ್?"

"ಎರಡು ಮುಂದಕ್ಕೆ. ವಾಪಸ್ ಆಯ್ತಣ್ಣ."

ಎಡಗಾಲಲ್ಲಿ ಬ್ರೇಕ್ ಒತ್ತಿಕೊಂಡೇ ಬಲಗಾಲಲ್ಲಿ ಎಳೆಯುವ ಪದ್ಧತಿಯೂ ಇದೆ. ಬಿಸಿ ಬೇಗ ಬರುತ್ತದೆ ನಿಜ. ಆದರೆ ಬ್ರೇಕ್ ಲೈಟು ಉದ್ದಕ್ಕೂ ಉರಿಯುತ್ತದೆ, ಹಿಂದೆ ಬರುವವನಿಗೆ ನೀವು ನಿಲ್ಲುತ್ತೀರೋ ಹೋಗುತ್ತೀರೋ ತಿಳಿಯುವುದಿಲ್ಲ. ಜೊತೆಗೆ ಬ್ರೇಕ್ ಆಯಿಲ್ ಕುದಿಯುವ ಭಯ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯದೆ ಕನಿಷ್ಠ 230 ಡಿಗ್ರಿ ತಡೆಯಬೇಕು ಅನ್ನುವುದು ಮಾನದಂಡ, ನೀರಿನಂಶ ಹೀರಿಕೊಂಡ ಮೇಲೆ ಅದು 155ಕ್ಕೆ ಇಳಿಯುತ್ತದೆ. ಕೊಡಗಿನ ಮಳೆಗಾಲ ಕಳೆದ ಆಯಿಲನ್ನು ಬದಲಿಸದೆ ರ್ಯಾಲಿಗೆ ಇಳಿಯಬಾರದು. ಕುದಿದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಬಿಸಿ ಮಾಡಿ ಟಿ.ಸಿ.ಗೆ ಬಂದಾಗ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವುದೂ ಬೇಡ. ಸುಡುವ ಡಿಸ್ಕನ್ನು ಪ್ಯಾಡು ಒಂದೇ ಜಾಗದಲ್ಲಿ ಕಚ್ಚಿ ಹಿಡಿದರೆ ಅಲ್ಲಿ ಕಲೆ ಕೂತು ಆಮೇಲೆ ಪ್ರತಿ ಬ್ರೇಕಿಗೂ ಅದುರುತ್ತದೆ. ಗೇರಿನಲ್ಲಿ ಹಾಕಿ ಬಿಟ್ಟರೆ ಸಾಕು.

ಈ ಸಲ ಹಳದಿ ಬೋರ್ಡಿನ ಮುಂದೆ ಹಿಂದಿನ ಟೈರು 28 ತೋರಿಸಿತು, ಬೆಳಿಗ್ಗೆಗಿಂತ ಒಂದೂವರೆ ಹೆಚ್ಚು. ಹೊರಗಿನ ಬಿಸಿ ಆಗ 26 ಡಿಗ್ರಿ ಇತ್ತು. ಆದರೆ ಸರ್ವಿಸ್‌ನಲ್ಲಿ ಹೊಸ ಟೈರು ಹಾಕಿ ಆ ಬಿಸಿಯಲ್ಲೇ ಮತ್ತೆ 26ಕ್ಕೆ ಗಾಳಿ ಹಿಡಿದಿದ್ದರಿಂದ ಏರಿದ 2 ಪಿಎಸ್‌ಐ ಬ್ರೇಕಿನದೂ ಓಟದ್ದೂ ಸೇರಿದ ಫಲವೇ. ಮೂರನೆಯ ತಿರುವಿನಲ್ಲಿ ಹಿಂಭಾಗ ಅಲುಗಲಿಲ್ಲ. ಎಲೆಗಳೂ ಒಣಗಿದ್ದವು ಅನ್ನುವುದನ್ನೂ ಹೇಳಬೇಕು.

ಸಂಜೆ ವಾಪಸಾಗುವಾಗ ಗೋಣಿಕೊಪ್ಪ ರಸ್ತೆಯಲ್ಲಿ ರ್ಯಾಲಿ ನೋಡಿ ಬಂದ ಹುಡುಗರು ತಮ್ಮ ಕಾರುಗಳಲ್ಲಿ ಅದೇ ಹಾವಿನ ಆಟ ಆಡುತ್ತಿದ್ದರು. ಅವರಿಗೆ ತಿಳಿಯಬೇಕಾದದ್ದು ಇಷ್ಟು. ಮನೆಯ ಕಾರಿನ ಟೈರನ್ನು ತಣ್ಣಗಿರುವಾಗಲೇ ಹಿಡಿತ ಕೊಡುವ ಹಾಗೆ ಮಾಡಿರುತ್ತಾರೆ, ಅದಕ್ಕೆ ಬಿಸಿ ಮಾಡುವ ಶಾಸ್ತ್ರವೇ ಬೇಕಿಲ್ಲ. ಚಳಿಯ ಬೆಳಗಿನಲ್ಲಿ ಮೊದಲ ಕೆಲವು ಕಿಲೋಮೀಟರ್ ಮೆಲ್ಲಗೆ ಹೋದರೆ ಟೈರು ತಾನಾಗಿ ಹದಕ್ಕೆ ಬರುತ್ತದೆ. ಗಾಳಿ ನೋಡುವುದು ಗಾಡಿ ಮೂರು ಗಂಟೆ ನಿಂತ ಮೇಲೆ, ಇಲ್ಲವೇ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡದಿರುವಾಗ. ಓಡಿ ಬಿಸಿಯಾದ ಟೈರಿನಲ್ಲಿ ಗೇಜ್ ಹೆಚ್ಚು ತೋರಿಸಿತು ಅಂತ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಕಡಿಮೆ ಗಾಳಿಯ ಮೇಲೆ ಓಡಬೇಕಾಗುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಹೊರಳಿಸಿದರೆ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಇದೆ, ಅಪಾಯಕಾರಿ ಚಾಲನೆ. ಮೊದಲ ಸಲಕ್ಕೇ 5,000 ರೂಪಾಯಿ ತನಕ ದಂಡ, ಜೈಲೂ ಆಗಬಹುದು.

ತಿತಿಮತಿ ಕಡೆಗೆ ತಿರುಗುವಾಗ ಕತ್ತಲಾಗಿತ್ತು. ಆ ಹೊತ್ತಿಗೆ ಆ ರಸ್ತೆಗೆ ಆನೆಗಳೂ ಬರುತ್ತವೆ. ಬೆಳಿಗ್ಗೆ ನೋಡಿದ್ದ ಪಿಕಪ್ ಎದುರಿನಿಂದ ಬಂತು, ಈ ಸಲ ಹೆಂಗಸರ ಜೊತೆ ಕಾಫಿ ಚೀಲಗಳೂ ಇದ್ದವು. ನಾವು ಲೈಟ್ ಡಿಮ್ ಮಾಡಿ, ಎಡಕ್ಕೆ ಸರಿದು, ಪಿಕಪ್ ದಾಟಿ ಹೋಗುವ ತನಕ ನಿಂತೆವು.