ಜಾಮೀನು ಹಾಕ್ತೀನಿ, ಫೋಟೋ ಬ್ಯಾಡ

ಈ ವಾರ ಮಂಡ್ಯ ಕೋರ್ಟಿನ ಹೊರಗೆ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ಜಾಮೀನು ಬೇಕಾರೆ ಹಾಕ್ತೀನಿ ಕಣಪ್ಪ. ಫೋಟೋ ಮಾತ್ರ ಬ್ಯಾಡ." ಹೇಳಿದ್ದು ನನ್ನ ಗೆಳೆಯನ ಸೋದರಮಾವ.

ಗೆಳೆಯ ಜೈಲು ಸೇರಿದ ಮೇಲೆ ಅವನ ಮನೆಯವರ ಫೋಟೋ ತೆಗೆಯುತ್ತಿದ್ದೇನೆ. ಕೇಳಿದ್ದು ಅವನ ಹೆಂಡತಿಯೇ. "ನಾಳೆ ಮಗಳಿಗೆ ಯಾರಾದ್ರೂ ಏನಾದ್ರೂ ಅಂದ್ರೆ? ಅವರಪ್ಪನಿಗೋಸ್ಕರ ನಾವು ಹೆಂಗೆ ಓಡಾಡಿದ್ವಿ ಅಂತ ಅವಳಿಗೆ ಗೊತ್ತಿರ್ಲಿ ಅಣ್ಣ" ಅಂದಳು. ನಾನು ಮದುವೆ, ನಾಮಕರಣದ ಫೋಟೋ ತೆಗೆದು ಬದುಕುವವನು. ಅಲ್ಲಿ ಎಲ್ಲರೂ ಕ್ಯಾಮೆರಾ ಮುಂದೆ ನುಗ್ಗುತ್ತಾರೆ. ಇಲ್ಲಿ ಕೋರ್ಟ್ ಹಾಲಿನೊಳಗೆ ಕ್ಯಾಮೆರಾ ತೆಗೆಯುವ ಹಾಗಿಲ್ಲ. ಜೈಲಿನೊಳಗೆ ಮೊಬೈಲೂ ಬಿಡಲ್ಲ. ನನಗೆ ಸಿಗುವುದೆಲ್ಲ ಹೊರಗಿನದ್ದೇ. ಮುಲಾಕಾತ್‌ಗೆ, ಅಂದರೆ ಜೈಲಿನಲ್ಲಿ ಅವನನ್ನು ನೋಡಲು, ಹೊರಡುವ ಮುಂಚೆ ಅವನ ಬಟ್ಟೆ ಮಡಿಸುವುದು, ವಕೀಲರ ಗುಮಾಸ್ತನ ಹಿಂದೆ ಓಡುವುದು, ಮುಂದಿನ ಡೇಟಿಗೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕುವುದು. ಆ ಗುಮಾಸ್ತ ಒಳ್ಳೆಯವನು. ವಕೀಲರ ಬಗ್ಗೆ ಸದ್ಯಕ್ಕೆ ಏನೂ ಹೇಳಲ್ಲ.

ಬೇಲ್ ಸಿಕ್ಕಿತ್ತು. ಆದರೆ ಜಾಮೀನು ನಿಲ್ಲಲು ಆಸ್ತಿ ಇರುವವರು ಬೇಕು. ದೊಡ್ಡ ದೊಡ್ಡ ಮಾತಾಡುವ ನೆಂಟರಿಗೆಲ್ಲ ಅವತ್ತೇ ಏನೇನೋ ಕೆಲಸ. ಬಂದದ್ದು ಈ ಮಾವ ಒಬ್ಬರೇ, ಕಬ್ಬಿನ ಗದ್ದೆಯ ಪಹಣಿ ಹಿಡಿದುಕೊಂಡು. ಅಳಿಯ ಕೋರ್ಟಿಗೆ ಬರದೆ ತಪ್ಪಿಸಿಕೊಂಡರೆ ಬಾಂಡಿನ ದುಡ್ಡು ಇವರ ತಲೆಗೆ. ಅದಕ್ಕೆ ಹೆದರದವರು ನನ್ನ ಕ್ಯಾಮೆರಾಗೆ ಹೆದರಿದರು! ತಮಾಷೆ ಅಂದರೆ, ಅಫಿಡವಿಟ್‌ಗೆ ಅಂಟಿಸಲು ಪಾಸ್‌ಪೋರ್ಟ್ ಸೈಜ್ ಫೋಟೋ ಕೇಳಿದಾಗ ಮರುಮಾತಿಲ್ಲದೆ ಜೇಬಿನಿಂದ ತೆಗೆದು ಕೊಟ್ಟರು. ಕೋರ್ಟಿನ ಫೈಲಿನಲ್ಲಿ ಮುಖ ಇದ್ದರೆ ಪರವಾಗಿಲ್ಲ, ಊರವರ ಕಣ್ಣಿಗೆ ಬೀಳಬಾರದು.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ 75ಕ್ಕಿಂತ ಜಾಸ್ತಿ ಜನ ವಿಚಾರಣಾಧೀನರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ (ಎನ್‌ಸಿಆರ್‌ಬಿ) ಲೆಕ್ಕ. ಅವರ ಕೇಸಿನ್ನೂ ಮುಗಿದಿಲ್ಲ. ಬೇಲ್ ಸಿಕ್ಕಿ ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟೇ ಯೋಚಿಸಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಅರಳಿಕಟ್ಟೆಯಲ್ಲಿ ಮಾತ್ರ ಅರೆಸ್ಟ್ ಆದ ದಿನವೇ ತೀರ್ಪು, ಅಲ್ವಾ? ಅದಕ್ಕೆ ಬೇಲೂ ಇಲ್ಲ, ಅಪೀಲೂ ಇಲ್ಲ. ಜೈಲಿನಲ್ಲಿರುವವನಿಗೆ ಆ ಮಾತು ಕೇಳಿಸಲ್ಲ. ದಿನಾ ಆ ಕಟ್ಟೆ ಮುಂದೆಯೇ ಹಾಲು ಹಾಕಲು ಡೇರಿಗೆ ಹೋಗುವ ಮಾವನಿಗೆ ಕೇಳಿಸುತ್ತದೆ.

ಅವರಿಲ್ಲದ ಆಲ್ಬಮ್ ಏನು ಆಲ್ಬಮ್ ಅಂತ ನನ್ನ ಹಠ. ಕೊನೆಗೆ ಗೆಳೆಯನ ಹೆಂಡತಿಯೇ ದಾರಿ ಹುಡುಕಿದಳು. "ಮಾವನ ಕೈಲಿರೋ ಪಹಣಿ ತೆಗೀರಿ ಅಣ್ಣ, ಸಾಕು." ಮಾವ ಯೋಚಿಸಿ ಒಪ್ಪಿದರು. ಆದರೆ ಸರ್ವೆ ನಂಬರ್ ಕಾಣಬಾರದಂತೆ.